ಬಿಟ್ ಬಿಡಿ, ವೋಲ್ಟ್ ನೋಡಿ: 300 ಓಮ್ ಹೆಡ್‌ಫೋನಿಗೆ ಕಂಪ್ಯೂಟರಿನಲ್ಲಿ ಏನು ಬೇಕು?

ಎಲ್ಲರಿಗೂ ನಮಸ್ಕಾರ. ಉಡುಪಿಯ ಈ ಕೂಟದಲ್ಲಿ ಹೆಚ್ಚಿನವರು ಯಕ್ಷಗಾನದ ಆಟ, ತಾಳಮದ್ದಳೆಗಳನ್ನು ಮುದ್ರಿಸುವವರು, ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವವರು. ಸೆನ್‌ಹೈಸರ್ ಎಚ್‌ಡಿ 600, ಬೇಯರ್‌ಡೈನಾಮಿಕ್ ಡಿಟಿ 990ರ 250 ಓಮ್ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಮಾದರಿ, ಇಂಥ ಹೆಡ್‌ಫೋನ್‌ಗಳು ಈಗ ನಿಮ್ಮಲ್ಲಿ ಹಲವರ ಕೈಗೆ ಬಂದಿವೆ. ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸಿದರೆ ಸಾಕೋ, ಹೊರಗಿನ ಡ್ಯಾಕ್ (ಕಂಪ್ಯೂಟರಿನ ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವ ಪೆಟ್ಟಿಗೆ), ಆಂಪ್ಲಿಫೈಯರ್ ಕೊಳ್ಳಲೇಬೇಕೋ ಎಂದು ಕೇಳುತ್ತೀರಿ.

ಪೆಟ್ಟಿಗೆಯ ಮೇಲೆ 32 ಬಿಟ್, 384 ಕಿಲೋಹರ್ಟ್ಸ್ ಎಂದೆಲ್ಲ ಬರೆದಿರುತ್ತದೆ. ಅದನ್ನು ಬದಿಗಿಡಿ. ಸಿಡಿಯ 16 ಬಿಟ್‌ನಲ್ಲೇ ಅತಿ ಮೆದು ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಹಿಡಿಸುತ್ತದೆ. ಬಯಲಿನಲ್ಲಿ ಮುದ್ರಿಸಿದ ಆಟವನ್ನು ಕೇಳುವುದಕ್ಕೆ ಅಷ್ಟು ಧಾರಾಳ ಸಾಕು. ನೋಡಬೇಕಾದದ್ದು ಬೇರೆ: ಧ್ವನಿ ಒಡೆಯದಂತೆ ಹೆಡ್‌ಫೋನ್ ಸಿಕ್ಕಿಸುವ ಜಾಕ್ ಎಷ್ಟು ವೋಲ್ಟ್ ಕೊಡುತ್ತದೆ?

ಹೆಚ್ಚು ಓಮ್‌ನ ಹೆಡ್‌ಫೋನಿನ ಸುರುಳಿಯಲ್ಲಿ ತಂತಿ ತೆಳ್ಳಗೆ, ಸುತ್ತು ಹೆಚ್ಚು. ಅದಕ್ಕೆ ಕರೆಂಟ್ ಕಡಿಮೆ ಸಾಕು, ವೋಲ್ಟೇಜ್ ಹೆಚ್ಚು ಬೇಕು. ಎಚ್‌ಡಿ 600ರದ್ದು 300 ಓಮ್. 1 ಮಿಲಿವ್ಯಾಟ್ ಕೊಟ್ಟರೆ ಸುಮಾರು 97 ಡೆಸಿಬೆಲ್. ಆ 1 ಮಿಲಿವ್ಯಾಟಿಗೆ 0.55 ವೋಲ್ಟ್ ಬೇಕು. ಜಾಕ್ 1 ವೋಲ್ಟ್ ಕೊಟ್ಟರೆ 102 ಡೆಸಿಬೆಲ್ ತನಕ ಏರಬಹುದು. ಈಗಿನ ಸಿನಿಮಾ ಹಾಡುಗಳಿಗೆ ಇದು ಬೇಕಾದಷ್ಟು ಆಯಿತು, ಅವುಗಳ ಮಟ್ಟವನ್ನು ಮೊದಲೇ ಒತ್ತಿ ಮೇಲಕ್ಕೆ ತಂದಿರುತ್ತಾರೆ. ಬರೀ ಅವನ್ನು ಕೇಳುವವರು ದುಡ್ಡು ಖರ್ಚು ಮಾಡುವುದು ಬೇಡ ಮಾರಾಯ್ರೆ, ಖಂಡಿತ ಬೇಡ.

ನಮ್ಮ ಮುದ್ರಣಗಳ ಕಥೆ ಹಾಗಲ್ಲ. ಯುದ್ಧದ ಪದಕ್ಕೆ ಚೆಂಡೆ ಏರಿದಾಗ ಮಟ್ಟ ಮೇಲಿನ ಮಿತಿಗೆ ತಾಗಿ ಧ್ವನಿ ಒಡೆಯಬಾರದೆಂದು ನೀವು ಮೊದಲೇ 6, 10 ಡೆಸಿಬೆಲ್ ಜಾಗ ಬಿಟ್ಟಿರುತ್ತೀರಿ. ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿ ಪೀಠಿಕೆಯನ್ನು ತಗ್ಗಿದ ಸ್ವರದಲ್ಲಿ ಶುರು ಮಾಡುವಾಗ ಆ ಮಾತು ಗರಿಷ್ಠ ಮಟ್ಟಕ್ಕಿಂತ 35, 40 ಡೆಸಿಬೆಲ್ ಕೆಳಗೆ ಇರಬಹುದು. 102ರಿಂದ 40 ಕಳೆಯಿರಿ, ಉಳಿದದ್ದು 62. ಎಚ್‌ಡಿ 600 ಹಿಂಬದಿ ತೆರೆದ ಹೆಡ್‌ಫೋನ್, ಫ್ಯಾನ್ ಸದ್ದು ಒಳಗೆ ಬರುತ್ತದೆ. ಆಟಿಯ ಮಳೆ ಹಂಚಿನ ಮೇಲೆ ಬೀಳುವಾಗ ಕೇಳುವುದೇ ಬೇಡ. ಮಾತಿನ ಕೊನೆಯ ಅಕ್ಷರಗಳು ಮುಚ್ಚಿಹೋಗುತ್ತವೆ. ಭಾಗವತರ ಉಸಿರು, ಮದ್ದಳೆಯ ಎಡಗೈಯ ಮೆದು ಪೆಟ್ಟು ಸರಿಯಾಗಿ ಬಂದಿದೆಯೇ ಎಂದು ತೀರ್ಮಾನಿಸಬೇಕಾದವರು ನೀವು, ಅದು ನಿಮಗೆ ಕೇಳಲೇಬೇಕು. ವೋಲ್ಟ್ ಎರಡರಷ್ಟಾದರೆ 6 ಡೆಸಿಬೆಲ್ ಸಿಗುತ್ತದೆ, ಮೂರರಷ್ಟಾದರೆ ಒಂಬತ್ತೂವರೆ. ಹಾಗಾಗಿ 300 ಓಮ್‌ಗೆ ನಾನು 2ರಿಂದ 3 ವೋಲ್ಟ್ ಹುಡುಕಿ ಎನ್ನುತ್ತೇನೆ. 600 ಓಮ್‌ನ ಡಿಟಿ 880 ಇದ್ದರೆ 4 ವೋಲ್ಟ್ ಇರಲಿ.

ಕೆಲವು ಕಂಪ್ಯೂಟರುಗಳಲ್ಲಿ ಇದು ಒಳಗೇ ಇದೆ. ಆಪಲ್‌ನವರು 2021ರ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೋಗಳಲ್ಲಿ ಸಿಕ್ಕಿಸಿದ ಹೆಡ್‌ಫೋನಿನ ಓಮ್ ಗುರುತಿಸುವ ಜಾಕ್ ಇಟ್ಟರು: 150 ಓಮ್‌ಗಿಂತ ಕಡಿಮೆಯಾದರೆ 1.25 ವೋಲ್ಟ್, 150ರಿಂದ 1000 ಓಮ್‌ವರೆಗೆ 3 ವೋಲ್ಟ್. ಅಂಥದ್ದು ಇದ್ದವರು ಇನ್ನೊಂದು ಪೆಟ್ಟಿಗೆ ಕೊಳ್ಳಬೇಕಾಗಿಲ್ಲ. ಡೆಸ್ಕ್‌ಟಾಪ್ ಇದ್ದವರು ಮುಂದಿನ ಜಾಕ್ ಬಿಟ್ಟು ಹಿಂದಿನದ್ದನ್ನು ಮೊದಲು ಪರೀಕ್ಷಿಸಿ. ಮುಂದಿನದಕ್ಕೆ ಹೋಗುವ ವಯರು ಕ್ಯಾಬಿನೆಟ್ಟಿನೊಳಗಿನ ಗಲಾಟೆಯನ್ನೆಲ್ಲ ಹೊತ್ತು ತರಬಹುದು.

ಯುಎಸ್‌ಬಿ ಡ್ಯಾಕ್ ಅಥವಾ ಆಡಿಯೋ ಇಂಟರ್‌ಫೇಸ್ ಕೊಳ್ಳುವಾಗ ಒಂದು ಲೆಕ್ಕ ಗೊತ್ತಿರಲಿ. '32 ಓಮ್‌ಗೆ 40 ಮಿಲಿವ್ಯಾಟ್' ಎಂದು ಬರೆದಿದ್ದರೆ 40ನ್ನು 32ರಿಂದ ಗುಣಿಸಿ, 1000ದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ: 1.13 ವೋಲ್ಟ್. ಅಷ್ಟೇ ವೋಲ್ಟ್ 300 ಓಮ್‌ಗೆ ಕೊಟ್ಟರೆ ಬರುವುದು 4 ಮಿಲಿವ್ಯಾಟ್ ಚಿಲ್ಲರೆ. 300 ಓಮ್‌ಗೆ ಎಷ್ಟು ಎಂಬುದನ್ನು ಬೇರೆಯಾಗಿ ಬರೆದಿರುವವರ ಮಾಲು ನನಗೆ ಹೆಚ್ಚು ಇಷ್ಟ. ಜಾಕಿನ ಒಳಗಿನ ಇಂಪೀಡೆನ್ಸ್, ಅಂದರೆ ಅದರದ್ದೇ ತಡೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 10 ಓಮ್ ಇದ್ದರೂ 300 ಓಮ್‌ನ ಮುಂದೆ ಹೋಗುವುದು 0.3 ಡೆಸಿಬೆಲ್.

ಗುಂಯ್ ಎಂಬ ಸದ್ದು ಬಂದರೆ ಮೊದಲು ಚಾರ್ಜರ್ ಕಳಚಿ. ಸದ್ದು ನಿಂತರೆ ಅರ್ಥಿಂಗ್ ನೋಡಿಸಿ, ಹೊಸ ಡ್ಯಾಕ್ ಆಮೇಲೆ.

ವೋಲ್ಟ್ ಹೆಚ್ಚಾದ ಮೇಲೆ ಕಿವಿಯನ್ನು ಕಾಯುವುದು ನಿಮ್ಮದೇ ಜವಾಬ್ದಾರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಪೀಠಿಕೆಗೆ ಏರಿಸಿದ ವಾಲ್ಯೂಮನ್ನು ಚೆಂಡೆ ಬರುವ ಮುಂಚೆ ಇಳಿಸಿ.

ಈಗ ಅಳೆಯೋಣ. ಮೇಜಿನ ಮೇಲೆ ಮಲ್ಟಿಮೀಟರ್ ಇದೆ, ಎಸಿ 2 ವೋಲ್ಟ್ ಮತ್ತು 20 ವೋಲ್ಟ್ ರೇಂಜ್ ಇರುವಂಥದ್ದು. 200 ವೋಲ್ಟಿನಿಂದ ಶುರುವಾಗುವ ಅಗ್ಗದ ಮೀಟರು ಈ ಕೆಲಸಕ್ಕೆ ಆಗದು. 50 ಹರ್ಟ್ಸ್‌ನ ಪೂರ್ಣ ಮಟ್ಟದ ಸೈನ್ ಧ್ವನಿಯ ಫೈಲ್ ಪೆನ್‌ಡ್ರೈವಿನಲ್ಲಿದೆ. ಹೆಡ್‌ಫೋನ್ ಕಿವಿಗೆ ಹಾಕದೆ ಮೇಜಿನ ಮೇಲಿಡಿ, ವಾಲ್ಯೂಮ್ ಪೂರ್ತಿ ಮಾಡಿ. ಲ್ಯಾಪ್‌ಟಾಪ್ ತಂದವರು ಒಬ್ಬೊಬ್ಬರಾಗಿ ಬನ್ನಿ.