ತುಟಿ ಒಡೆದರೆ ನಾಲ್ಕು ಸಾವಿರದ ಡಬ್ಬಿ ಬೇಕೆ?

ನಮಸ್ಕಾರ. ಕಳೆದ ಡಿಸೆಂಬರಿನಲ್ಲಿ ಧಾರವಾಡದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳು ತನ್ನ ಚೀಲದಿಂದ ಪುಟ್ಟ ಗಾಜಿನ ಡಬ್ಬಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಒಳಗೆ ಇದ್ದದ್ದು 9 ಗ್ರಾಂ ಲಿಪ್ ಬಾಮ್, ಅದಕ್ಕೆ ಅವಳು ಕೊಟ್ಟಿದ್ದು 4,000 ರೂಪಾಯಿಗಿಂತ ಹೆಚ್ಚು. ಎರಡು ವಾರ ತಪ್ಪದೆ ಹಚ್ಚಿಕೊಂಡಿದ್ದರೂ ಕೆಳತುಟಿಯ ನಡುವಿನ ಬಿರುಕು ಮಾಯ್ದಿರಲಿಲ್ಲ. ಅಂಚಿನಲ್ಲಿ ಸಿಪ್ಪೆ ಏಳುತ್ತಲೇ ಇತ್ತು. "ಮಾವಶಿ, ಇದಕ್ಕಿಂತ ಛಲೋದು ತರಿಸಬೇಕೇನು?" ಎಂದು ಕೇಳಿದಳು. ಬೇಡ ಎಂದೆ. ಆ ಉತ್ತರದ ಕಾರಣವನ್ನು ಇಂದು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆನಿಸಿದೆ, ಏಕೆಂದರೆ ಹೊಸದಾಗಿ ದುಡಿಯಲು ತೊಡಗಿದ ಎಷ್ಟೋ ಮಕ್ಕಳು ಚಿಕಿತ್ಸೆ ಎಂದು ನಂಬಿಕೊಂಡು ಇಂಥ ಡಬ್ಬಿಗಳಿಗೆ ಹಣ ಸುರಿಯುತ್ತಿದ್ದಾರೆ.

ತುಟಿಯ ಕೆಂಪು ಭಾಗದ ಚರ್ಮ ಕೆನ್ನೆಯ ಚರ್ಮದಂತಲ್ಲ. ಅದರ ಮೇಲ್ಪದರ ಬಹಳ ತೆಳು. ಅಲ್ಲಿ ಬೆವರಿನ ಗ್ರಂಥಿಗಳಿಲ್ಲ, ಜಿಡ್ಡು ಒಸರುವ ಗ್ರಂಥಿಗಳೂ ಹೆಚ್ಚುಕಡಿಮೆ ಇಲ್ಲ. ಆದ್ದರಿಂದ ಚಳಿಗಾಲದ ಒಣಗಾಳಿಗೋ ದಿನವಿಡೀ ಎ.ಸಿ. ಓಡುವ ಕಚೇರಿಯ ಗಾಳಿಗೋ ಸಿಕ್ಕಾಗ ತುಟಿಯೊಳಗಿನ ನೀರು ಬೇಗನೆ ಆರಿಹೋಗುತ್ತದೆ. ಒಣಗಿತೆಂದು ನಾವು ನಾಲಗೆಯಿಂದ ಸವರಿಕೊಳ್ಳುತ್ತೇವೆ. ಆ ಎಂಜಲು ಆರುವಾಗ ತುಟಿ ಮೊದಲಿಗಿಂತಲೂ ಒಣಗುತ್ತದೆ. ಆಹಾರವನ್ನು ಕರಗಿಸಲೆಂದೇ ಇರುವ ಎಂಜಲಿನ ಕಿಣ್ವಗಳು ಮೊದಲೇ ಒಡೆದ ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ.

ಹಾಗಾದರೆ ತುಟಿಗೆ ಬೇಕಾದದ್ದು ಒಳಗಿನ ನೀರು ಹೊರಹೋಗದಂತೆ ತಡೆಯುವ ಒಂದು ಪದರ, ಅದರ ಕೆಳಗೆ ಚರ್ಮ ತಾನೇ ಕೂಡಿಕೊಳ್ಳಲು ನಾಲ್ಕಾರು ದಿನಗಳ ಬಿಡುವು. ನನ್ನ ತಾಯಿ ಮಲಗುವ ಮುನ್ನ ಬೆರಳ ತುದಿಯಲ್ಲಿ ತುಪ್ಪ ತೆಗೆದುಕೊಂಡು ನಮ್ಮ ತುಟಿಗಳಿಗೆ ಸವರುತ್ತಿದ್ದದ್ದು ಇದಕ್ಕಾಗಿಯೇ. ಆ ಕೆಲಸವನ್ನು ತುಪ್ಪಕ್ಕಿಂತ ಚೆನ್ನಾಗಿ ಮಾಡುವ ವಸ್ತು ಪೆಟ್ರೋಲಿಯಂ ಜೆಲ್ಲಿ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತೈಲ ಬಾವಿಗಳನ್ನು ನೋಡಲು ಹೋದ ರಾಬರ್ಟ್ ಚೀಸ್‌ಬ್ರೋ ಎಂಬ ತರುಣ ರಸಾಯನಶಾಸ್ತ್ರಜ್ಞ, ಯಂತ್ರಗಳಿಗೆ ಮೆತ್ತಿಕೊಳ್ಳುತ್ತಿದ್ದ ಮೇಣದಂಥ ಜಿಗುಟನ್ನು ಕಾರ್ಮಿಕರು ತಮ್ಮ ಗಾಯಗಳಿಗೂ ಸುಟ್ಟ ಗಾಯಗಳಿಗೂ ಹಚ್ಚಿಕೊಳ್ಳುವುದನ್ನು ಕಂಡ. ಅದನ್ನು ಶುದ್ಧಗೊಳಿಸುವ ವಿಧಾನ ಕಂಡುಹಿಡಿದು 1872ರಲ್ಲಿ ವ್ಯಾಸಲೀನ್ ಹೆಸರಿನಲ್ಲಿ ಪೇಟೆಂಟ್ ಪಡೆದ. ಇಂದು ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಅದರ ಬೆಲೆ ಗ್ರಾಂ ಒಂದಕ್ಕೆ ಕೆಲವೇ ರೂಪಾಯಿ. ನನ್ನ ಕೈಯಲ್ಲಿದ್ದ ಡಬ್ಬಿಯಲ್ಲಿ ಅದೇ ಒಂದು ಗ್ರಾಮಿಗೆ ಸುಮಾರು 450 ರೂಪಾಯಿ ಬೀಳುತ್ತಿತ್ತು.

ದುಬಾರಿ ಬಾಮಿನಲ್ಲಿ ಬೇರೆ ಅಮೂಲ್ಯ ವಸ್ತುಗಳಿರುತ್ತವಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಡಬ್ಬಿಯ ರಟ್ಟಿನ ಪೆಟ್ಟಿಗೆಯ ಹಿಂಬದಿಯನ್ನು ಓದಬೇಕು. ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣ ಇಳಿಯುವ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ; ಅದಕ್ಕಿಂತ ಕಡಿಮೆ ಇರುವುದನ್ನು ಹೇಗೆ ಬೇಕಾದರೂ ಜೋಡಿಸಬಹುದು. ನಾನು ಭೂತಗನ್ನಡಿ ಹಿಡಿದು ಓದಿದ ಪಟ್ಟಿಯಲ್ಲಿ ಮೊದಲು ಬಂದದ್ದು ಎಣ್ಣೆಗಳು, ಮೇಣ ಮತ್ತು ಅದೇ ಪೆಟ್ರೋಲಿಯಂ ಜೆಲ್ಲಿ. ಜಾಹೀರಾತಿನಲ್ಲಿ ಮೆರೆಯುವ ಹೂವಿನ ಸಾರ ಪಟ್ಟಿಯ ಕೊನೆಯ ಸಾಲಿನಲ್ಲಿತ್ತು. ಇದು ಆ ಒಂದು ಡಬ್ಬಿಯ ಕಥೆಯಲ್ಲ. ದುಬಾರಿ ಮುಖದ ಕ್ರೀಮುಗಳಿಗೆ ಹೆಸರಾದ ಲ ಮೇರ್ ಎಂಬ ಬ್ರ್ಯಾಂಡಿನ ಪ್ರಸಿದ್ಧ ಕ್ರೀಮಿನ ಪಟ್ಟಿಯಲ್ಲಿಯೂ ಕಡಲಪಾಚಿಯ ಸಾರದ ಬೆನ್ನಿಗೇ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದಲೇ ತೆಗೆಯುವ ಎಣ್ಣೆ), ಪೆಟ್ರೋಲಿಯಂ ಜೆಲ್ಲಿ, ಗ್ಲಿಸರಿನ್ ಬರುತ್ತವೆ.

ನನಗೆ ಹೆಚ್ಚು ಕಳವಳ ತಂದದ್ದು ಬೆಲೆಯಲ್ಲ, ಆ ಪಟ್ಟಿಯಲ್ಲಿದ್ದ ಪುದೀನ ಮತ್ತು ಸುಗಂಧ. ಹಚ್ಚಿದ ಕೂಡಲೇ ತುಟಿ ಚುರುಗುಟ್ಟುತ್ತದೆ, ಆದ್ದರಿಂದ ಕೆಲಸ ಮಾಡುತ್ತಿದೆ ಎಂದು ಹುಡುಗಿ ನಂಬಿದ್ದಳು. ಒಡೆದ ತುಟಿಗೆ ಚುರುಗುಟ್ಟುವುದು ವಾಸಿಯಾಗುವ ಲಕ್ಷಣವಲ್ಲ, ಕೆರಳುತ್ತಿರುವ ಲಕ್ಷಣ. ಅಮೆರಿಕದ ಚರ್ಮವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ ಕೂಡ ಒಣಗಿದ ತುಟಿಗೆ ಕರ್ಪೂರ, ಮೆಂಥಾಲ್, ನೀಲಗಿರಿ, ಪುದೀನ, ದಾಲ್ಚಿನ್ನಿ, ಸುಗಂಧ ಇವುಗಳನ್ನು ದೂರವಿಡಿ ಎನ್ನುತ್ತದೆ. ಬಿಳಿ ಪೆಟ್ರೋಲಿಯಂ ಜೆಲ್ಲಿ, ಶಿಯಾ ಮರದ ಬೀಜದಿಂದ ತೆಗೆಯುವ ಶಿಯಾ ಬೆಣ್ಣೆ, ಚರ್ಮದಲ್ಲಿ ಸಹಜವಾಗಿಯೇ ಇರುವ ಜಿಡ್ಡಿನಂಥ ಸೆರಮೈಡ್‌ಗಳು ಇಂಥವನ್ನು ಸೂಚಿಸುತ್ತದೆ. ಅಂದರೆ ಹೆಚ್ಚು ಹಣ ತೆತ್ತು ಕೊಂಡ ಘಮವೇ ಗಾಯ ಮಾಯುವುದಕ್ಕೆ ಅಡ್ಡಬರಬಹುದು.

ಚೆಂದದ ವಸ್ತುವನ್ನು ಇಟ್ಟುಕೊಳ್ಳುವ ಸಂತೋಷವನ್ನು ನಾನು ತಳ್ಳಿಹಾಕುವುದಿಲ್ಲ. ದೊಡ್ಡ ಖರ್ಚು ಕೈಗೆಟುಕದ ಕಷ್ಟಕಾಲದಲ್ಲಿ ಜನ ಲಿಪ್‌ಸ್ಟಿಕ್‌ನಂಥ ಸಣ್ಣ ವೈಭವಗಳತ್ತ ತಿರುಗುತ್ತಾರೆಂದು ಸೌಂದರ್ಯ ಸಾಮಗ್ರಿಗಳ ಎಸ್ಟೀ ಲಾಡರ್ ಕಂಪನಿಯ ಲಿಯೊನಾರ್ಡ್ ಲಾಡರ್ 2001ರಲ್ಲಿ ಹೇಳಿದ್ದರು, ಅದು ಮನುಷ್ಯಸಹಜ. ಜಿಡ್ಡಿಲ್ಲದೆ ನಯವಾಗಿ ಕೂರುವ ಬಾಮನ್ನು ದಿನಕ್ಕೆ ಹೆಚ್ಚು ಸಲ ಹಚ್ಚುವ ಮನಸ್ಸಾಗುತ್ತದೆ ಎಂಬುದೂ ನಿಜ. ಆದರೆ ಅದಕ್ಕೂ ಸಾವಿರಗಳ ಅಗತ್ಯವಿಲ್ಲ. ಸ್ವಲ್ಪ ಹೆಚ್ಚು ಕೊಡುವುದಾದರೆ ಬಿಸಿಲಿನಿಂದ ಕಾಪಾಡುವ, ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಅದಕ್ಕೂ ಹೆಚ್ಚಿರುವ, ವಾಸನೆಯಿಲ್ಲದ ಬಾಮಿಗೆ ಕೊಡಿ. ಏಕೆಂದರೆ ಬರಿಯ ಜೆಲ್ಲಿ ಬಿಸಿಲನ್ನು ತಡೆಯಲಾರದು.

ಅಕ್ಕನ ಮಗಳು ಆ ಡಬ್ಬಿಯನ್ನು ಬದಿಗಿಟ್ಟು, ರಾತ್ರಿ ಊಟವಾದ ಮೇಲೆ ಬಾಯಿ ತೊಳೆದು, ತುಟಿಯಲ್ಲಿ ಇನ್ನೂ ಪಸೆ ಇರುವಾಗಲೇ ಬಿಳಿ ಜೆಲ್ಲಿಯನ್ನು ದಪ್ಪಗೆ ಹಚ್ಚಿಕೊಂಡು ಮಲಗತೊಡಗಿದಳು. ಸಿಪ್ಪೆ ಕೀಳುವ ಅಭ್ಯಾಸವನ್ನೂ ಬಿಟ್ಟಳು. ವಾರದೊಳಗೆ ಬಿರುಕು ಕೂಡಿಕೊಂಡಿತು. ಎಲ್ಲರಿಗೂ ಹೀಗೆಯೇ ಆಗುತ್ತದೆ ಎನ್ನಲಾರೆ. ಮೊಡವೆಗೆಂದು ಐಸೊಟ್ರೆಟಿನಾಯಿನ್ ಮಾತ್ರೆ ನುಂಗುವವರ ತುಟಿ ಔಷಧದಿಂದಲೇ ಒಣಗುತ್ತದೆ. ಬಾಯಿಯ ಮೂಲೆ ಮತ್ತೆ ಮತ್ತೆ ಸೀಳಿದರೆ ಅದು ಶಿಲೀಂಧ್ರದ ಸೋಂಕೋ ಕಬ್ಬಿಣ ಅಥವಾ ಬಿ ವಿಟಮಿನ್‌ಗಳ ಕೊರತೆಯೋ ಆಗಿರಬಹುದು. ವರ್ಷಗಟ್ಟಲೆ ಹೊಲದ ಬಿಸಿಲಿನಲ್ಲಿ ದುಡಿದವರ ಕೆಳತುಟಿಯಲ್ಲಿ ವಾರಗಳು ಕಳೆದರೂ ಹೋಗದ ಒರಟು ಬಿಳಿ ಕಲೆ ಕಂಡರಂತೂ ಅದರ ಮೇಲೆ ಯಾವ ಬಾಮನ್ನೂ ಬಳಿಯುತ್ತ ಕಾಯದೆ, ಕೂಡಲೇ ಚರ್ಮವೈದ್ಯರಿಗೆ ತೋರಿಸಿ.