ಸಕ್ಕರೆ ಬಿಟ್ಟರಷ್ಟೇ ಸಾಲದು: ಮಧುಮೇಹಿಗಳ ಊಟ ಮತ್ತು ಹೃದಯ

ಕೇಳುಗರೆಲ್ಲರಿಗೂ ನಮಸ್ಕಾರ.

ಮಧುಮೇಹವಿದೆ ಎಂದು ತಿಳಿದ ಮರುದಿನವೇ ನಮ್ಮಲ್ಲಿ ಬಹಳಷ್ಟು ಮಂದಿ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಅದು ಒಳ್ಳೆಯದೇ. ಆದರೆ ಪಥ್ಯ ಅಲ್ಲಿಗೆ ಮುಗಿಯಿತೆಂದು ಭಾವಿಸಿ, ಮಧ್ಯಾಹ್ನ ಎರಡೆರಡು ಸಲ ಬಡಿಸಿಕೊಂಡ ಅನ್ನ, ಜೊತೆಗೆ ಹಪ್ಪಳ, ಉಪ್ಪಿನಕಾಯಿ, ಸಂಜೆಗೆ ಬಜ್ಜಿ ಎಂದು ಮೊದಲಿನಂತೆಯೇ ಉಣ್ಣುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಮಧುಮೇಹಿಗಳ ಪ್ರಾಣಕ್ಕೆ ಹೆಚ್ಚಾಗಿ ಎರವಾಗುವುದು ಹೃದಯಾಘಾತ ಮತ್ತು ಪಾರ್ಶ್ವವಾಯು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಆರಂಭವಾದ ದೀರ್ಘ ಅಧ್ಯಯನವು, ಮಧುಮೇಹ ಇದ್ದವರಿಗೆ ಹೃದ್ರೋಗದ ಅಪಾಯ ಎರಡು ಮೂರು ಪಟ್ಟು ಹೆಚ್ಚು ಎಂಬುದನ್ನು 1979ರಲ್ಲೇ ತೋರಿಸಿಕೊಟ್ಟಿತ್ತು. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜಿಸಿದೆ.

ರಕ್ತದಲ್ಲಿ ಗ್ಲೂಕೋಸ್ ಬಹುಕಾಲ ಏರಿಯೇ ಇದ್ದರೆ ರಕ್ತನಾಳಗಳ ಒಳಪದರ ಕೆಡುತ್ತದೆ. ಸಣ್ಣ ನಾಳಗಳು ಕೆಟ್ಟಾಗ ಕಣ್ಣಿಗೂ ಮೂತ್ರಪಿಂಡಕ್ಕೂ ಪೆಟ್ಟು. ದೊಡ್ಡ ನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡಾಗ ಹೃದಯ, ಮಿದುಳು ಮತ್ತು ಕಾಲುಗಳಿಗೆ ಪೆಟ್ಟು. ಅಧಿಕ ರಕ್ತದೊತ್ತಡವೂ ಸೇರಿಕೊಂಡರೆ ಹಾನಿ ಇಮ್ಮಡಿಸುತ್ತದೆ. ಆದ್ದರಿಂದ ಸಕ್ಕರೆಯ ಜೊತೆಗೆ ಪಿಷ್ಟ, ಉಪ್ಪು, ಎಣ್ಣೆ ಇವೆಲ್ಲದರ ಮೇಲೂ ನಿಗಾ ಇರಬೇಕು.

ನಮ್ಮ ಹಳೆ ಮೈಸೂರು ಸೀಮೆಯಲ್ಲಿ ರಾಗಿಯನ್ನು ಸಕ್ಕರೆ ಕಾಯಿಲೆಗೆ ಮದ್ದೆಂದೇ ನಂಬುವವರಿದ್ದಾರೆ. ರಾಗಿ ಉತ್ತಮ ಧಾನ್ಯ, ಸಂದೇಹವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದರ ಕಾಲು ಭಾಗವೂ ಇರುವುದು ಕಷ್ಟ. ಆದರೂ ರಾಗಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಎರಡು ದಪ್ಪ ಮುದ್ದೆ ಉಂಡು, ಮೇಲೆ ‘ಒಂದು ತುತ್ತು’ ಎಂದು ಮಜ್ಜಿಗೆ ಅನ್ನವನ್ನೂ ಸೇರಿಸಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಗೆ ಬೆಲ್ಲ ಬೆರೆಸಿ ಕುಡಿದರೆ ಇನ್ನೂ ಬೇಗ ಏರುತ್ತದೆ, ಬೆಲ್ಲವೂ ಬಹುಪಾಲು ಸಕ್ಕರೆಯೇ. ಸಣ್ಣದೊಂದು ಮುದ್ದೆ, ಅದರ ಜೊತೆಗೆ ಧಾರಾಳವಾಗಿ ಸೊಪ್ಪು, ಹುರುಳಿಯದೋ ಅವರೆಯದೋ ಕಾಳು, ಬಸ್ಸಾರಿನ ಪಲ್ಯ: ಇದು ಸರಿಯಾದ ಊಟ. ತಟ್ಟೆಯ ಅರ್ಧದಷ್ಟು ತರಕಾರಿ ಇದ್ದರೆ ಅನ್ನವೋ ಮುದ್ದೆಯೋ ತಾನಾಗಿಯೇ ಕಡಿಮೆಯಾಗುತ್ತದೆ.

ಉಪ್ಪಿನ ಮಾತು. ದಿನವೊಂದಕ್ಕೆ ಐದು ಗ್ರಾಂ, ಎಂದರೆ ಒಂದು ಟೀ ಚಮಚದೊಳಗೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಂಡಿಗೆ, ಚಟ್ನಿಪುಡಿ, ಬೇಕರಿಯ ಖಾರದಲ್ಲಿ ಸೇರಿರುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದನ್ನೂ, ವನಸ್ಪತಿಯನ್ನೂ ಬಿಡುವುದು ಲೇಸು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ದೀರ್ಘಕಾಲದ ಮಧುಮೇಹದಿಂದ ನರಗಳು ಸೊರಗಿದವರಿಗೆ ಹೃದಯಾಘಾತವಾದಾಗಲೂ ಎದೆನೋವು ಕಾಣಿಸದೆ ಇರಬಹುದು. ಮೈಯೆಲ್ಲ ಬೆವರುವುದು, ಉಸಿರು ಕಟ್ಟುವುದು, ವಾಕರಿಕೆ, ದವಡೆಯಲ್ಲಿ ಸೆಳೆತ, ಕಾರಣವಿಲ್ಲದ ಸುಸ್ತು ಇಷ್ಟೇ ಇರಬಹುದು. ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗುವವರಿದ್ದಾರೆ, ಶುಗರ್ ಲೋ ಆಗಿದೆಯೆಂದು ಸಕ್ಕರೆ ತಿಂದು ಕಾಯುವವರೂ ಇದ್ದಾರೆ. ಮನೆಯಲ್ಲಿ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಇದ್ದರೆ ಕೂಡಲೇ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಮೊದಲ ಸಲ ನೋಡಿದಾಗಲೇ ಸಕ್ಕರೆ 70ಕ್ಕಿಂತ ಕೆಳಗೆ ಇಲ್ಲದಿದ್ದರೆ, ಅಥವಾ ಸರಿಹೋದ ಮೇಲೂ ಬೆವರು, ಸಂಕಟ ನಿಲ್ಲದಿದ್ದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಇಸಿಜಿ ತೆಗೆಯುವ ಆಸ್ಪತ್ರೆಗೆ ಹೋಗಿ, ತಮಗೆ ಮಧುಮೇಹವಿರುವುದನ್ನು ಮೊದಲು ಹೇಳಿ.