ರೊಟ್ಟಿಯೊಳಗೆ ಯಾರು ಊದಿದರು?

ಕೇಳುಗರಿಗೆಲ್ಲ ನಮಸ್ಕಾರ.

ಮಕ್ಕಳಿಗೆ ಏನಾದರೂ ತೋರಿಸಬೇಕು ಅಂದರೆ ನಾವು ದೊಡ್ಡದನ್ನೇ ಹುಡುಕುತ್ತೇವೆ. ನಾಲ್ಕು ವರ್ಷದ ಮೊಮ್ಮಗಳನ್ನು ನಾನೂ ಕಲಬುರಗಿ ಕೋಟೆಗೆ ಕರೆದುಕೊಂಡು ಹೋದೆ. 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇದೆ, 29 ಅಡಿ ಉದ್ದದ ತೋಪು ಇದೆ. ಅವಳು ನೋಡಿದ್ದು ಗೋಡೆ ಮೇಲಿನ ಓತಿಕ್ಯಾತವನ್ನು. 'ಮುತ್ಯಾ, ಅದು ಯಾಕ ಬಸ್ಕಿ ಹೊಡ್ಯಾಕತ್ತದ?' ಗಂಡು ಓತಿಕ್ಯಾತ ಹಾಗೆ ಮೈ ಏರಿಸಿ ಇಳಿಸಿ, 'ಇದು ನನ್ನ ಜಾಗ' ಅಂತ ಬೇರೆ ಗಂಡುಗಳಿಗೆ ಹೇಳುತ್ತದೆ ಅಂದೆ. ತೋಪು ಅಲ್ಲೇ ಉಳಿಯಿತು, ನಾವು ಅದರ ಕಡೆ ಹೋಗಲೇ ಇಲ್ಲ.

ವಿವರಿಸಿ ಹೇಳಿದರೆ ಮಕ್ಕಳ ಬೆರಗು ಕರಗಿ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಅರ್ಧಂಬರ್ಧ ಉತ್ತರ ಕೊಟ್ಟು 'ಹೋಗು, ಆಟ ಆಡು' ಅಂದಾಗಲೇ ಅದು ಕರಗುವುದು. ಸರಿಯಾಗಿ ಹೇಳಿ ನೋಡಿ, ಕೂತ ಜಾಗ ಬಿಟ್ಟು ಏಳುವುದಿಲ್ಲ.

ಒಲೆ ಮುಂದೆ ಕೂತಾಗ ಬಂದ ಪ್ರಶ್ನೆ ಕೇಳಿ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿತು. 'ಇದರಾಗ ಯಾರು ಊದ್ಯಾರ?' ಅಂದಳು. ಇಷ್ಟು ವರ್ಷ ದಿನಾ ರೊಟ್ಟಿ ತಿಂದವನು ನಾನು. ಬಿಸಿ ಇದೆಯೋ ತಣ್ಣಗಿದೆಯೋ ಅಂತಷ್ಟೇ ನೋಡುತ್ತಿದ್ದೆ.

ಊದುವುದು ನೀರು. ಹಂಚಿನ ಕಾವಿಗೆ ಹಿಟ್ಟಿನೊಳಗಿನ ನೀರು ಆವಿಯಾಗುತ್ತದೆ. ನೀರು ಆವಿಯಾದರೆ ಮೊದಲಿಗಿಂತ 1,600 ಪಟ್ಟಿಗೂ ಜಾಸ್ತಿ ಜಾಗ ಬೇಕು. ಅಷ್ಟು ಜಾಗ ರೊಟ್ಟಿಯಲ್ಲಿ ಎಲ್ಲಿದೆ? ಹಾಗಾಗಿ ಮೇಲಿನ ಪದರನ್ನೇ ಎತ್ತಿಬಿಡುತ್ತದೆ. ಎಲ್ಲಾದರೂ ಸಣ್ಣ ಬಿರುಕಿದ್ದರೆ ಆವಿ ಅಲ್ಲಿಂದಲೇ ಹೊರಟು ಹೋಗುತ್ತದೆ, ರೊಟ್ಟಿ ಉಬ್ಬುವುದಿಲ್ಲ.

ಇನ್ನೊಂದು ವಿಷಯವಿದೆ. ಗೋಧಿಯಲ್ಲಿ ಗ್ಲುಟೆನ್ ಅನ್ನುವ ಅಂಟು ಇರುತ್ತದೆ, ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಎಸರಿಟ್ಟು, ಕುದಿಯುವ ನೀರು ಹಾಕಿ ಹಿಟ್ಟು ನಾದುತ್ತಾರೆ. ಆ ಬಿಸಿಗೆ ಹಿಟ್ಟು ಅರೆಬರೆ ಬೆಂದು ಅಂಟಾಗುತ್ತದೆ. ಆಮೇಲೆ ಬಡಿದರೆ ಒಡೆಯುವುದಿಲ್ಲ. ಇದನ್ನು ಯಾವ ಶಾಲೆಯಲ್ಲೂ ಕಲಿಸಲಿಲ್ಲ, ಕೈಯಿಂದ ಕೈಗೆ ಬಂತು. ಮನೆಯಾಕೆಯನ್ನು ಕೇಳಿದರೆ, 'ತಣ್ಣೀರು ಹಾಕಿದ್ರ ಬರಂಗಿಲ್ಲ, ಅದರಾಗ ಏನದ' ಅಂದಳು. ಮೊಮ್ಮಗಳು ಮಾತ್ರ ಪ್ರತಿ ರೊಟ್ಟಿಗೂ ಕಾದು ಕೂತಳು. ಯಾವುದು ಉಬ್ಬುತ್ತದೆ, ಯಾವುದು ಸೋರುತ್ತದೆ ಅಂತ ಮೊದಲೇ ಹೇಳತೊಡಗಿದಳು. ಎರಡು ಸಲ ಸರಿಯಾಗಿತ್ತು ಕೂಡ.

ಈಗ ನೆಲಕ್ಕೆ ಬರೋಣ. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮಧ್ಯಾಹ್ನ ಅವಳು ಶಹಾಬಾದ್ ಫರ್ಸಿಯ ಮೇಲೆ ಬರಿಮೈಯಲ್ಲಿ ಮಲಗುತ್ತಾಳೆ. ಒಂದು ದಿನ ಒಡೆದ ಫರ್ಸಿಯ ಅಂಚಿನಲ್ಲಿ ಪದರು ಪದರಾಗಿ ಗೆರೆ ಕಂಡವು. 'ಇದನ್ನ ಯಾರು ಒಂದರ ಮ್ಯಾಲೊಂದು ಇಟ್ಟಾರ?'

ಇದೂ ನೀರಿನ ಕೆಲಸವೇ. ಶಹಾಬಾದ್, ವಾಡಿ, ಸೇಡಂ ಕಡೆಯ ಕಲ್ಲು ಸುಣ್ಣಕಲ್ಲು. ಅಲ್ಲಿನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇದೇ ಕಲ್ಲಿನ ಮೇಲೆ. ಒಂದು ಕಾಲದಲ್ಲಿ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ತೆಳುವಾಗಿ ಕೂತು, ಅದರ ಮೇಲೆ ಮತ್ತೊಂದು ಕೂತು, ಗಟ್ಟಿಯಾಗಿ ಕಲ್ಲಾಯಿತು. ಆ ಪದರುಗಳಿಂದಲೇ ಕಲ್ಲು ಚಪ್ಪಟೆಯಾಗಿ ಸೀಳಿ ಬರುತ್ತದೆ, ನಮಗೆ ಫರ್ಸಿ ಸಿಗುತ್ತದೆ. ನಂಬಲಿ ಅಂತ ಒಡೆದ ತುಂಡಿನ ಮೇಲೆ ನಿಂಬೆರಸ ಹಿಂಡಿದೆ. ಸಣ್ಣ ಗುಳ್ಳೆ ಎದ್ದವು. ಅದನ್ನು ನೋಡಿ ಅವಳು ಪಡಸಾಲೆಯ ನೆಲಕ್ಕೂ ಹಿಂಡಿದಳು. ಕಲೆ ಉಳಿದಿದೆ, ಬೈಗುಳ ನನಗೆ ಬಿತ್ತು.

ಸಮುದ್ರ ಅಂದಮೇಲೆ ಸುಮ್ನೆ ಬಿಡುತ್ತಾಳಾ? 'ಹಂಗಾರ ಮೀನ ಎಲ್ಲಿ ಅವ?' ಅಂತ ಫರ್ಸಿ ಫರ್ಸಿಯಲ್ಲೂ ಹುಡುಕಿದಳು. ಎಂಥ ಪ್ರಶ್ನೆ ನೋಡಿ! ಈ ಕಲ್ಲು 60 ಕೋಟಿ ವರ್ಷಕ್ಕೂ ಹಳೆಯದು. ಆಗ ಭೂಮಿಯ ಮೇಲೆ ಮೀನು ಇನ್ನೂ ಬಂದಿರಲಿಲ್ಲ. ಪಾಚಿಯಂಥ ಸಣ್ಣ ಜೀವಗಳಷ್ಟೇ ಇದ್ದವು. ಇದನ್ನು ಹೇಳಿದಾಗ ಅವಳಿಗಿಂತ ಜಾಸ್ತಿ ಹೊತ್ತು ನೆಲ ನೋಡುತ್ತ ಕೂತವನು ನಾನು. ಅವಳು ಎದ್ದು ನೀರು ಕುಡಿಯಲು ಹೋದಳು.

ಇನ್ನು ಮಳೆಗಾಲ ಬರುತ್ತದೆ. ಜೂನ್ ಮೊದಲ ವಾರ ಕಳೆದು ಮೃಗಶಿರ ಹೊಕ್ಕ ಮೇಲೆ, ಹಸಿ ಹೊಲದಲ್ಲಿ ಕೆಂಪು ಮಖಮಲ್ ಹುಳ ಓಡಾಡುತ್ತವೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಕಾಲು ಎಣಿಸಲು ಹೇಳಿ, ಎಂಟು ಸಿಗುತ್ತವೆ. ಅದು ಜೇಡನ ಬಳಗ. ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಮನೆಗೆ ತರಬೇಡಿ, ಸತ್ತು ಹೋಗುತ್ತದೆ. ಅಂಗೈ ಮೇಲೆ ಸ್ವಲ್ಪ ಹೊತ್ತು ಬಿಟ್ಟುಕೊಂಡು, ಸಿಕ್ಕಿದ ಜಾಗದಲ್ಲೇ ಇಳಿಸಿ ಬನ್ನಿ. ನಮಸ್ಕಾರ.